ಒಂದರೊಳಗೊಂದು ಸೇರಿದ ಪಾರ್ಟಿಷನ್ ಗಡಿ: ನಾನು ಸರಿಪಡಿಸಿದ ಬಗೆ

ವಿಂಡೋಸ್ 7 ಮತ್ತು ಉಬುಂಟು ಎರಡೂ ಇದ್ದ ನನ್ನ ಹಳೆಯ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆಗಳೂ ಸರಿಯಾಗಿ ಬೂಟ್ ಆಗುತ್ತಿದ್ದರೂ, ಡಿಸ್ಕಿನ ಪಾರ್ಟಿಷನ್‌ಗಳನ್ನು (ವಿಭಾಗಗಳನ್ನು) ತೋರಿಸಿ ತಿದ್ದುವ ಜಿಪಾರ್ಟೆಡ್ ತಂತ್ರಾಂಶ ತೆರೆದಾಗ 500 ಜಿಬಿಯ ಡಿಸ್ಕ್ ಇಡಿಯಾಗಿ ಖಾಲಿ ಜಾಗವೆಂದು ಕಾಣುತ್ತಿತ್ತು. ಕಾರಣ, ಪ್ರತಿ ಪಾರ್ಟಿಷನ್ನಿನ ಆರಂಭ ಮತ್ತು ಗಾತ್ರ ದಾಖಲಾಗಿರುವ ಪಾರ್ಟಿಷನ್ ಪಟ್ಟಿಯಲ್ಲಿ ಎರಡು ಗಡಿಗಳು ಒಂದರೊಳಗೊಂದು ಸೇರಿದ್ದವು. ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ ಇಂತಹ ಪಟ್ಟಿಯನ್ನು ಇದ್ದಂತೆಯೇ ಒಪ್ಪಿಕೊಂಡು ಮುಂದುವರಿಯುತ್ತದೆ. ಜಿಪಾರ್ಟೆಡ್ ಅವಲಂಬಿಸಿರುವ ಲಿಬ್‌ಪಾರ್ಟೆಡ್ ಮಾತ್ರ ಎರಡು ಪಾರ್ಟಿಷನ್‌ಗಳ ಗಡಿ ಒಂದರೊಳಗೊಂದು ಸೇರಿದ್ದರೆ ಇಡೀ ಪಟ್ಟಿಯನ್ನೇ ತಿರಸ್ಕರಿಸುತ್ತದೆ. ಆ ಚಿತ್ರವನ್ನು ನಂಬಿ ಹೊಸ ಪಟ್ಟಿ ಬರೆಯಲು ಹೊರಡುವುದು ಮೂಲ ದೋಷಕ್ಕಿಂತ ಹೆಚ್ಚಿನ ಅಪಾಯ.

ಈ ಡಿಸ್ಕಿನಲ್ಲಿದ್ದ ಎಂಬಿಆರ್ ಎಂಬ ಹಳೆಯ ಪಟ್ಟಿ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರಿನ (ಸೆಕ್ಟರ್ ಎಂದರೆ ಡಿಸ್ಕಿನ ಒಂದು ಚಿಕ್ಕ ತುಂಡು) 512 ಬೈಟುಗಳ ಪೈಕಿ ಪಟ್ಟಿಗೆ ಸಲ್ಲುವುದು 64 ಮಾತ್ರ, ಅಂದರೆ ನಾಲ್ಕೇ ನಮೂದುಗಳು. ನಾಲ್ಕಕ್ಕಿಂತ ಹೆಚ್ಚು ಬೇಕಾದಾಗ ಒಂದು ನಮೂದನ್ನು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಎಂಬ ಹೊರ ಆವರಣವಾಗಿಸಿ, ಅದರೊಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ಮಾಡಲಾಗುತ್ತದೆ. ಇವುಗಳ ವಿವರ ಆ ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನೊಳಗೆ ಸರಪಳಿಯಾಗಿ ಹರಡಿರುವುದರಿಂದ ಮೊದಲ ಸೆಕ್ಟರನ್ನಷ್ಟೇ ನಕಲು ಮಾಡಿಟ್ಟರೆ ಸಾಲದು. ಆದ್ದರಿಂದ ಲಿನಕ್ಸನ್ನು ಅನುಸ್ಥಾಪಿಸದೆಯೇ ನಡೆಸುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಪಟ್ಟಿಯನ್ನು ಓದಿ ಬರೆಯುವ ಎಸ್‌ಎಫ್‌ಡಿಸ್ಕ್ ಆದೇಶದ ಡಂಪ್ ಆಯ್ಕೆಯ ಮೂಲಕ ಪೂರ್ಣ ಪಟ್ಟಿಯನ್ನು ಪಠ್ಯ ಕಡತವಾಗಿ ಬೇರೊಂದು ಪೆನ್‌ಡ್ರೈವಿಗೆ ಉಳಿಸಿಕೊಂಡೆ.

ಆರಂಭದ ಸೆಕ್ಟರಿಗೆ ಗಾತ್ರವನ್ನು ಕೂಡಿಸಿ ಒಂದನ್ನು ಕಳೆದರೆ ಕೊನೆಯ ಸೆಕ್ಟರ್ ದೊರೆಯುತ್ತದೆ. ಎಕ್ಸ್‌ಟೆಂಡೆಡ್ ಪಾರ್ಟಿಷನ್ 419637248ರಲ್ಲಿ ಆರಂಭವಾಗಿ, 314574848 ಸೆಕ್ಟರ್ ಗಾತ್ರದೊಂದಿಗೆ 734212095ರಲ್ಲಿ ಮುಗಿಯುತ್ತಿತ್ತು. ಆದರೆ ಅದರ ಮುಂದಿನ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಕಡತ ವ್ಯವಸ್ಥೆಯ) ಪಾರ್ಟಿಷನ್ 734210048ರಲ್ಲೇ ಆರಂಭವಾಗಿತ್ತು. ಅತಿಕ್ರಮಣ 2048 ಸೆಕ್ಟರ್, ಅಂದರೆ ಸುಮಾರು ಒಂದು ಎಂಬಿ. ಒಳಗಿನ ಲಾಜಿಕಲ್ ಪಾರ್ಟಿಷನ್‌ಗಳು ಅದಕ್ಕೂ ಬಹಳ ಮೊದಲೇ ಮುಗಿದಿದ್ದುದರಿಂದ ಹೊರಗಿನ ಗಾತ್ರವನ್ನು 314572800ಕ್ಕೆ ಇಳಿಸಿದರೆ ಸಾಕಾಗಿತ್ತು. ಆರಂಭದ ಸಂಖ್ಯೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು, ಏಕೆಂದರೆ ಸರಪಳಿಯ ಕೊಂಡಿಗಳ ವಿಳಾಸವನ್ನು ಅಲ್ಲಿಂದಲೇ ಎಣಿಸಲಾಗುತ್ತದೆ.

ಮೂಲ ಕಡತವನ್ನು ಹಾಗೆಯೇ ಬಿಟ್ಟು, ಅದರ ಪ್ರತಿಯಲ್ಲಿ ಆ ಒಂದು ಸಂಖ್ಯೆಯನ್ನು ತಿದ್ದಿದೆ. ಲೇಬಲ್ ಐಡಿ ಇರುವ ಸಾಲನ್ನು ಬದಲಿಸಲಿಲ್ಲ. ವಿಂಡೋಸ್ ಬೂಟ್ ಆಗುವಾಗ ಡಿಸ್ಕನ್ನು ಗುರುತಿಸುವುದು ಅದರಿಂದಲೇ. ಬರೆಯಲು ಹೋದಾಗ ಡಿಸ್ಕ್ ಬಳಕೆಯಲ್ಲಿದೆಯೆಂದು ಎಸ್‌ಎಫ್‌ಡಿಸ್ಕ್ ನಿರಾಕರಿಸಿತು. ಡಿಸ್ಕಿನಲ್ಲಿದ್ದ ಸ್ವಾಪ್ ಪಾರ್ಟಿಷನ್ನನ್ನು (ಮೆಮೊರಿ ಸಾಲದಾದಾಗ ಬಳಸುವ ಜಾಗವನ್ನು) ಲೈವ್ ವ್ಯವಸ್ಥೆ ತಾನಾಗಿಯೇ ಬಳಸತೊಡಗಿತ್ತು. ಆ ಬಳಕೆಯನ್ನು ನಿಲ್ಲಿಸುವ ಸ್ವಾಪ್‌ಆಫ್ ಆದೇಶ ಕೊಟ್ಟ ಬಳಿಕ ಕೆಲಸ ಕ್ಷಣದಲ್ಲಿ ಮುಗಿಯಿತು. ಟೆಸ್ಟ್‌ಡಿಸ್ಕ್ ಉತ್ತಮ ಸಾಧನವೇ, ಆದರೆ ಅದು ಕಳೆದುಹೋದ ಪಾರ್ಟಿಷನ್‌ಗಳನ್ನು ಹುಡುಕುವುದಕ್ಕೆ. ಇಲ್ಲಿ ಏನೂ ಕಳೆದಿರಲಿಲ್ಲ.

ಜಿಪಾರ್ಟೆಡ್ ಈಗ ಎಲ್ಲ ಪಾರ್ಟಿಷನ್‌ಗಳನ್ನೂ ತೋರಿಸುತ್ತದೆ. ಇದೇ ಸಂದರ್ಭದಲ್ಲಿ ಎಂಬಿಆರ್ ಬಿಟ್ಟು ಹೊಸ ಪಟ್ಟಿ ಪದ್ಧತಿಯಾದ ಜಿಪಿಟಿಗೆ ಬದಲಾಯಿಸಬಹುದಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಕಂಪ್ಯೂಟರನ್ನು ಚಾಲೂ ಮಾಡುವ ಹಳೆಯ ತಂತ್ರಾಂಶವಾದ ಬಯೋಸ್ ಮೂಲಕ ಬೂಟ್ ಆಗುವ ವಿಂಡೋಸ್ 7 ಜಿಪಿಟಿ ಡಿಸ್ಕಿನಿಂದ ಏಳುವುದಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆ.