ಮುಲುಂಡಿನ ತಾರಸಿಯಲ್ಲಿ ಬಸಳೆ ಚಪ್ಪರ

ಮುಂಬೈ ಫ್ಲಾಟಲ್ಲಿದ್ದುಕೊಂಡು ನಮ್ಮ ಊಟ ನಾವೇ ಬೆಳೆದುಕೊಳ್ಳಬಹುದಾ? ಸೊಪ್ಪಿನ ಮಟ್ಟಿಗೆ ಹೌದು. ಅನ್ನದ ಮಟ್ಟಿಗೆ ಇಲ್ಲ. ನಮ್ಮ ಮನೆಗೆ ತಿಂಗಳಿಗೆ 20 ಕೆಜಿ ಕುಚ್ಚಲಕ್ಕಿ ಬೇಕು, ಅದು ತಾರಸಿ ಮೇಲೆ ಆಗುವ ಮಾತಲ್ಲ. ಬೇಳೆ, ಎಣ್ಣೆ, ತೆಂಗಿನಕಾಯಿ ಎಲ್ಲ ಅಂಗಡಿಯದ್ದೇ. ಆದರೆ ದೀಪಾವಳಿ ಕಳೆದ ಮೇಲೆ ಮೇ ತನಕ ಸೊಪ್ಪು, ತೊಂಡೆ, ಅಲಸಂಡೆ, ಹಸಿಮೆಣಸು, ಕರಿಬೇವಿಗೆ ನಾವು ದುಡ್ಡು ಕೊಡುವುದು ಅಪರೂಪ.

ಇಲ್ಲಿ ಟೆರೇಸ್ ಗಾರ್ಡನ್ ಅಂದ ಕೂಡಲೇ ಜನ ಲೆಟಿಸ್, ಕ್ಯಾಪ್ಸಿಕಂ, ಚೆರಿ ಟೊಮೆಟೊ ಬೀಜ ತರಿಸುತ್ತಾರೆ. ಆಮೇಲೆ ಏನೂ ಬರಲಿಲ್ಲ ಅಂತ ಬೇಜಾರು. ಮುಂಬೈ ಹವೆ ನಮ್ಮ ಕರಾವಳಿಯದ್ದೇ ಅಲ್ವಾ? ಅದೇ ಸೆಕೆ, ಅದೇ ಬೆವರು, ಜೂನಿನಲ್ಲಿ ಅದೇ ಮಳೆ. ಊರಲ್ಲಿ ಅಜ್ಜಿ ಬಚ್ಚಲ ನೀರು ಬಿಟ್ಟು ಬೆಳೆಸುತ್ತಿದ್ದದ್ದೆಲ್ಲ ಇಲ್ಲಿಯೂ ಸಲೀಸಾಗಿ ಬರುತ್ತದೆ. ಬಸಳೆ, ಹರಿವೆ, ತೊಂಡೆ, ಒಂದೆಲಗ, ದೊಡ್ಡಪತ್ರೆ. ಟೊಮೆಟೊ ಬೇಕೇ ಬೇಕು ಅಂದರೆ ಅಕ್ಟೋಬರಿನಲ್ಲಿ ಸಸಿ ಮಾಡಿ, ಚಳಿಗಾಲಕ್ಕೆ ಕಾಯಿ ಕೊಯ್ಯಿರಿ. ರಾತ್ರಿಯೂ ಸೆಕೆ ಇದ್ದರೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ.

ಬಸಳೆಗೆ ಬೀಜವೂ ಬೇಡ. ಮಾಟುಂಗಾ ಮಾರ್ಕೆಟಿನಲ್ಲಿ ದಂಟು ಸಮೇತ ಕಟ್ಟು ಸಿಗುತ್ತದೆ. ಸೊಪ್ಪು ಅಡುಗೆಗೆ, ಬಲಿತ ದಂಟು ನೆಡಲಿಕ್ಕೆ. ಪೆನ್ಸಿಲ್ ದಪ್ಪದ, ನಾಲ್ಕು ಗಂಟು ಇರುವ ತುಂಡು ತೆಗೆದುಕೊಳ್ಳಿ. ಎಲೆ ತೆಗೆದು, ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ಊರಿ. ಚಿಗುರುವ ತನಕ ನೆರಳಲ್ಲಿರಲಿ. ಬಳ್ಳಿ ಮೊಣಕಾಲೆತ್ತರ ಬಂದ ಮೇಲೆ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಒಂದೊಂದೇ ಎಲೆ ಕೀಳುತ್ತಾ ಕೂರಬೇಡಿ, ಬಳ್ಳಿ ಸುಮ್ನೆ ಉದ್ದ ಹೋಗುತ್ತದೆ ಅಷ್ಟೇ. ಬುಡದಲ್ಲಿ ಎರಡು ಗಂಟು ಬಿಟ್ಟು ದಂಟು ಸಮೇತ ಕೊಯ್ಯಬೇಕು. ನಮ್ಮ ಅತ್ತೆಗಂತೂ ಎಲೆಗಿಂತ ದಂಟೇ ಇಷ್ಟ.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಹಾಕಿದ ದಿನವೇ ಇರುವೆಗಳು ಸಾಲುಗಟ್ಟುತ್ತವೆ. ಬೀಜಕ್ಕೆ ಒಂದು ಹಿಡಿ ರವೆ ಬೆರೆಸಿ ಚೆಲ್ಲುತ್ತೇನೆ. ಇರುವೆ ರವೆ ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ. ತಿಂಗಳೊಳಗೆ ಪಲ್ಯಕ್ಕೆ ಆಗುತ್ತದೆ.

ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿಯವರ ತಕರಾರು ಎರಡು: ಭಾರ, ಸೋರಿಕೆ. ಎರಡೂ ನ್ಯಾಯವೇ. 20 ಲೀಟರಿನ ಪೇಂಟ್ ಬಕೆಟ್ಟಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕೆಜಿ ದಾಟುತ್ತದೆ. ಹಾಗಾಗಿ ನನ್ನ ಬಕೆಟ್ಟಿನಲ್ಲಿ ಮಣ್ಣು ಕಾಲು ಭಾಗ ಮಾತ್ರ. ಉಳಿದದ್ದು ಒಣಗಿದ ಎಲೆ, ಕಾಂಪೋಸ್ಟ್ ಮತ್ತು ಕಬ್ಬಿನ ಸಿಪ್ಪೆ. ಈ ಸಿಪ್ಪೆಯ ಉಪಾಯ ನನ್ನದಲ್ಲ. ಮುಂಬೈಯಲ್ಲಿ ಡಾ. ಆರ್.ಟಿ. ದೋಶಿ ಅನ್ನುವವರು ಕಬ್ಬಿನ ಸಿಪ್ಪೆ ಹಾಕಿಯೇ ತಾರಸಿ ಮೇಲೆ ತರಕಾರಿ, ಹಣ್ಣು ಬೆಳೆದು ತೋರಿಸಿದ್ದರು. ಕಬ್ಬಿನ ಹಾಲಿನ ಗಾಡಿಯವರು ಸಿಪ್ಪೆಯನ್ನು ಖುಷಿಯಿಂದ ಕೊಡುತ್ತಾರೆ, ಅವರಿಗೆ ಅದು ಎಸೆಯುವ ವಸ್ತು. ಬಕೆಟ್ಟುಗಳನ್ನು ಇಟ್ಟಿಗೆ ಮೇಲೆ ಇಟ್ಟರೆ ನೀರು ನಿಲ್ಲುವುದಿಲ್ಲ, ಅಡಿ ಗುಡಿಸಲಿಕ್ಕೂ ಆಗುತ್ತದೆ.

ಗೊಬ್ಬರಕ್ಕೆ ಅಡುಗೆಮನೆಯ ಸಿಪ್ಪೆಯೇ ಸಾಕು. ತೂತಿನ ಡ್ರಮ್ಮಿನಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ಎರಡರಷ್ಟು ಒಣ ಎಲೆ, ಆಗಾಗ ಒಂದು ಲೋಟ ಹುಳಿ ಮಜ್ಜಿಗೆ. ವಾಸನೆ ಬಂತು ಅಂದರೆ ಒದ್ದೆ ಜಾಸ್ತಿಯಾಗಿದೆ ಅಂತ ಅರ್ಥ, ಒಣ ಎಲೆ ಸುರಿಯಿರಿ. ಬಿಳಿ ಹುಳ ಕಂಡರೆ ಹೌಹಾರಬೇಡಿ, ಅವು ಗೊಬ್ಬರವನ್ನೇ ಬೇಗ ಮಾಡುತ್ತವೆ. ಎರಡು ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ ಸಿಗುತ್ತದೆ. ಅಲಸಂಡೆ ಕುಡಿಗೆ ಹೇನು ಕೂತರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆಯುತ್ತೇನೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಮಳೆಗಾಲದಲ್ಲಿ ಮಾತ್ರ ಸೋಲೊಪ್ಪಿಕೊಳ್ಳುವುದೇ ಒಳ್ಳೆಯದು. ನಾಲ್ಕು ತಿಂಗಳಲ್ಲಿ 2000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರಿದು. ಬಸಳೆ ಎಲೆಗೆ ಕೆಂಪು ಚುಕ್ಕೆ ಬೀಳುತ್ತದೆ, ಹರಿವೆ ಸಸಿ ಮಣ್ಣಿಗಂಟುತ್ತದೆ. ಆಗ ಕೆಸು ಒಂದೇ ನೆಟ್ಟಗೆ ನಿಲ್ಲುವುದು, ಪತ್ರೊಡೆಗೆ ಕೊರತೆಯಿಲ್ಲ. ಉಳಿದ ಸೊಪ್ಪಿಗೆ ಆದಿವಾಸಿ ಹೆಂಗಸರು ಕಾಡಿನಿಂದ ತಂದು ಮಾರುವ ಟಾಕಳಾ ಇದೆಯಲ್ಲ. ಅದು ನಮ್ಮೂರಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ತಿನ್ನುವ ತಜಂಕ್ ಸೊಪ್ಪೇ. ಚೌಕಾಸಿ ಮಾಡದೆ ಕೊಳ್ಳುತ್ತೇನೆ, ಬಕೆಟ್ಟುಗಳಿಗೆ ರಜೆ.

ಮಳೆ ಬಿಟ್ಟ ಮೇಲೆ ಮಣ್ಣನ್ನು ತಾಡಪಾಲಿನ ಮೇಲೆ ಹರಡಿ ಒಂದು ವಾರ ಒಣಗಿಸಿ, ಕಾಂಪೋಸ್ಟ್ ಬೆರೆಸಿ ಮತ್ತೆ ತುಂಬುತ್ತೇನೆ. ಪಾರಿವಾಳ ಬಾರದ ಹಾಗೆ ಬಲೆಯನ್ನು ಬೀಜ ಹಾಕುವ ಮೊದಲೇ ಕಟ್ಟಿ. ಮೊಳಕೆ ಬಂದ ಮೇಲೆ ಕಟ್ಟೋಣ ಅಂತ ಕಾದರೆ ಬಲೆಯ ಖರ್ಚು ದಂಡ.