ಪೋರ್ಟ್ ಪೈಪನ್ನು ಉದ್ದ ಬಿಟ್ಟೇ ಕತ್ತರಿಸಿ

ನಾನು ಮಾಡಿದ ಮೊದಲ ಪೋರ್ಟ್ ಪೆಟ್ಟಿಗೆಯನ್ನು, ಅಂದರೆ ಗಾಳಿ ಆಡಲು ಪೈಪು ಇರುವ ಸ್ಪೀಕರ್ ಪೆಟ್ಟಿಗೆಯನ್ನು, 45 ಹರ್ಟ್ಸ್‌ಗೆ ಅಂತ ಲೆಕ್ಕ ಹಾಕಿದ್ದೆ. ಅಳೆದು ನೋಡಿದರೆ 40ರ ಆಸುಪಾಸು ಬಂತು. ತಪ್ಪು ಎಲ್ಲಾಯಿತು ಅಂತ ಹುಡುಕುವಾಗಲೇ ಪೋರ್ಟಿನ ಲೆಕ್ಕ ನನಗೆ ಸರಿಯಾಗಿ ಅರ್ಥವಾಗಿದ್ದು.

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ವಾ, ಇದೂ ಅದೇ. ಪೆಟ್ಟಿಗೆಯ ಆ ಸ್ವರ ಎಷ್ಟು ಹರ್ಟ್ಸ್ ಅನ್ನುವುದೇ ಅದರ ಟ್ಯೂನಿಂಗ್. ಪೈಪಿನ ಗಾಳಿ ತೂಕ, ಪೆಟ್ಟಿಗೆಯ ಗಾಳಿ ಸ್ಪ್ರಿಂಗ್. ಆದರೆ ಅಲುಗುವ ಗಾಳಿ ಪೈಪಿನ ತುದಿಯಲ್ಲೇ ನಿಲ್ಲುವುದಿಲ್ಲ, ಎರಡೂ ಕಡೆ ಸ್ವಲ್ಪ ಆಚೆಗೆ ಚಾಚುತ್ತದೆ. ಒಂದು ತುದಿ ಹಲಗೆಗೆ ಸಮನಾಗಿ ಕೂತು ಇನ್ನೊಂದು ಒಳಗೆ ಬಿಡಿಯಾಗಿದ್ದರೆ, ಈ ಹೆಚ್ಚುವರಿ ಉದ್ದ ವ್ಯಾಸದ ಸುಮಾರು 0.73 ಪಟ್ಟು. ನಾನು ಅದನ್ನು ಕಳೆದೇ ಇರಲಿಲ್ಲ.

ಲೆಕ್ಕ ಹೀಗೆ. ಸೆಂಟಿಮೀಟರಿನಲ್ಲಿ ಪೈಪಿನ ಒಳವ್ಯಾಸದ ವರ್ಗವನ್ನು 23,562ರಿಂದ ಗುಣಿಸಿ. ಬೇಕಾದ ಹರ್ಟ್ಸಿನ ವರ್ಗವನ್ನು ಪೆಟ್ಟಿಗೆಯ ಲೀಟರಿನಿಂದ ಗುಣಿಸಿ, ಮೊದಲು ಬಂದದ್ದನ್ನು ಅದರಿಂದ ಭಾಗಿಸಿ. ಬಂದದ್ದರಲ್ಲಿ ವ್ಯಾಸದ 0.73 ಪಟ್ಟು ಕಳೆದರೆ ಸೆಂಟಿಮೀಟರಿನಲ್ಲಿ ಉದ್ದ ಸಿಗುತ್ತದೆ. ಲೀಟರ್ ಅಂದರೆ ನಿಜವಾಗಿ ಉಳಿಯುವ ಗಾಳಿ. ನನ್ನ ಪೆಟ್ಟಿಗೆಯ ಒಳಗೆ 23 ಲೀಟರ್ ಇತ್ತು; ಸ್ಪೀಕರ್, ಅಡ್ಡಪಟ್ಟಿ, ಪೈಪು ಎಲ್ಲ ಕಳೆದರೆ 20 ಲೀಟರ್. 5 ಸೆಂ.ಮೀ. ವ್ಯಾಸದ ಪೈಪಿಗೆ ಉದ್ದ ಸುಮಾರು 11 ಸೆಂ.ಮೀ. ಬರಬೇಕಿತ್ತು, ನಾನು ಹದಿನಾಲ್ಕೂವರೆಗೆ ಕತ್ತರಿಸಿದ್ದೆ.

ಸರಿಮಾಡಿದ ಮೇಲೂ ಇನ್ನೊಂದು ತೊಂದರೆ ಉಳಿಯಿತು. ಜೋರಾಗಿ ಹಾಕಿದರೆ ಪೈಪಿನಿಂದ ಬುಸ್ ಬುಸ್ ಅಂತ ಸದ್ದು. ಕಿರಿದಾದ ಪೈಪಿನಲ್ಲಿ ಗಾಳಿಯ ವೇಗ ಜಾಸ್ತಿ. 7 ಸೆಂ.ಮೀ. ಪೈಪಿನ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ ಎರಡರಷ್ಟು, ವೇಗ ಅರ್ಧಕ್ಕಿಳಿಯುತ್ತದೆ. ಆದರೆ ಉದ್ದ 23.4ಕ್ಕೆ ಹೋಗುತ್ತದೆ! ಸ್ಪೀಕರಿನ ಹಿಂದಾಗಲೀ ಹಿಂಬದಿ ಹಲಗೆಗಾಗಲೀ ತಾಗದಂತೆ, ಪೈಪಿನ ತುದಿ ಮತ್ತು ಹಲಗೆಯ ನಡುವೆ ಕನಿಷ್ಠ ಒಂದು ವ್ಯಾಸದಷ್ಟು ಜಾಗ ಬೇಕು. ನನ್ನ ಪೆಟ್ಟಿಗೆ ಆಳವಾಗಿದ್ದರಿಂದ ಹಿಡಿಸಿತು. ಇಲ್ಲದಿದ್ದರೆ ಎಲ್ಬೋ ಹಾಕಿ ಬಾಗಿಸಬಹುದು, ಉದ್ದವನ್ನು ಪೈಪಿನ ನಡುಗೆರೆಯಲ್ಲಿ ಅಳೆಯಬೇಕು ಅಷ್ಟೇ. ಹೊರಬಾಯಿಯ ಅಂಚನ್ನು ದುಂಡಗೆ ಉಜ್ಜಿದ್ದೂ ಸದ್ದು ತಗ್ಗಿಸಿತು.

ಈ ಸಲ 26 ಸೆಂ.ಮೀ.ಗೆ ಕತ್ತರಿಸಿ, ಅಂಟು ಹಾಕದೆ ಸುಮ್ನೆ ತೂರಿಸಿದೆ. ಉದ್ದ ಪೈಪನ್ನು ಕತ್ತರಿಸಬಹುದು, ಗಿಡ್ಡ ಪೈಪನ್ನು ಬೆಳೆಸಲಾಗದು. ಫೋನಿನಿಂದ ಟೋನ್ ಕೊಟ್ಟು, ಆಂಪ್ಲಿಫೈಯರ್ ಮತ್ತು ಸ್ಪೀಕರ್ ನಡುವೆ 1,000 ಓಮ್ ರೆಸಿಸ್ಟರ್ ಇಟ್ಟು, ಸ್ಪೀಕರಿನ ಎರಡು ತಂತಿತುದಿಗಳಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಟೋನನ್ನು ಮೇಲಕ್ಕೇರಿಸುತ್ತ ಹೋದರೆ ವೋಲ್ಟ್ ಎರಡು ಕಡೆ ಏರುತ್ತದೆ, ನಡುವೆ ಇಳಿಯುತ್ತದೆ. ಆ ತಗ್ಗೇ ಪೆಟ್ಟಿಗೆಯ ಟ್ಯೂನಿಂಗ್. ಮೊದಲು 43ರಲ್ಲಿ ಸಿಕ್ಕಿತು. ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತ ಬಂದೆ. 24 ಸೆಂ.ಮೀ.ಗೆ ಹತ್ತಿರ ಬರುವಾಗ ತಗ್ಗು 45ಕ್ಕೆ ಬಂದು ಕೂತಿತು. ರೆಸಿಸ್ಟರ್ ತೆಗೆದು ಅದೇ ಟೋನನ್ನು ಜೋರಾಗಿ ಹಾಕಿದಾಗ ಕೋನ್ ಅಲುಗುವುದು ಕಣ್ಣಿಗೆ ಕಾಣದಷ್ಟು ಕಡಿಮೆಯಾಗಿತ್ತು, ಪೈಪಿನ ಬಾಯಿಗೆ ಕೈ ಹಿಡಿದರೆ ಗಾಳಿ ಬಡಿಯುತ್ತಿತ್ತು. ಆಗ ಅಂಟು ಹಾಕಿದೆ.