ನೆಟ್‌ವರ್ಕ್ ಕೋಡ್‌ನ ಮೂಲ ಹುಡುಕುವುದು: ನಾನು ಅನುಸರಿಸುವ ಕ್ರಮ

ವಿಂಡೋಸ್ 2000ದಲ್ಲಿರುವ ಎಫ್‌ಟಿಪಿ (ಫೈಲ್ ವರ್ಗಾಯಿಸುವ) ಪ್ರೋಗ್ರಾಂ ಮೇಲೆ ‘ಸ್ಟ್ರಿಂಗ್ಸ್’ (ಫೈಲ್‌ನೊಳಗಿನ ಓದಬಲ್ಲ ಪಠ್ಯವನ್ನು ಹೊರತೆಗೆಯುವ ಉಪಕರಣ) ಓಡಿಸಿ ನೋಡಿ. 1983ನೇ ಇಸವಿಯ ಜೊತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾಪಿರೈಟ್ ಸಾಲು ಸಿಗುತ್ತದೆ. ಫಿಂಗರ್, ಆರ್‌ಸಿಪಿ, ಆರ್‌ಎಸ್‌ಎಚ್, ಎನ್‌ಎಸ್‌ಲುಕಪ್ ಎಂಬ ನೆಟ್‌ವರ್ಕ್ ಪ್ರೋಗ್ರಾಂಗಳ ಒಳಗೂ ಅದೇ ವಿಶ್ವವಿದ್ಯಾಲಯದ ಹೆಸರಿದೆ. ಇದಿಷ್ಟನ್ನೇ ನೋಡಿ ‘ವಿಂಡೋಸ್‌ನ ಟಿಸಿಪಿ/ಐಪಿ ಬಿಎಸ್‌ಡಿಯಿಂದ ಎತ್ತಿದ್ದು’ ಎಂದು ತೀರ್ಪು ಕೊಡುವವರು ಬಹಳ. (ಟಿಸಿಪಿ/ಐಪಿ ಎಂದರೆ ಇಂಟರ್ನೆಟ್‌ನ ಮೂಲ ಪ್ರೋಟೋಕಾಲ್‌ಗಳು; ಬಿಎಸ್‌ಡಿ ಎಂದರೆ ಆ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಬೆಳೆದ ಯುನಿಕ್ಸ್ ಆವೃತ್ತಿ.) ಆ ಸಾಲು ಅಷ್ಟು ದೊಡ್ಡ ಮಾತು ಹೇಳುವುದಿಲ್ಲ.

ಹುಡುಕಲು ಕೂರುವ ಮೊದಲು ನಾನು ಮೂರು ಪದರ ಬೇರ್ಪಡಿಸಿಕೊಳ್ಳುತ್ತೇನೆ: ಬಳಕೆದಾರರು ಓಡಿಸುವ ಸಣ್ಣ ಪ್ರೋಗ್ರಾಂಗಳು, ನೆಟ್‌ವರ್ಕ್ ಸಂಪರ್ಕಕ್ಕಾಗಿ ಪ್ರೋಗ್ರಾಮರ್ ಕರೆಯುವ ಸಾಕೆಟ್ ಫಂಕ್ಷನ್‌ಗಳು, ಕರ್ನಲ್‌ನೊಳಗಿನ (ಆಪರೇಟಿಂಗ್ ಸಿಸ್ಟಂನ ತಿರುಳಿನೊಳಗಿನ) ಪ್ರೋಟೋಕಾಲ್ ಸ್ಟ್ಯಾಕ್. ಮೂರಕ್ಕೂ ಮೂಲ ಬೇರೆ ಬೇರೆ ಇರಬಹುದು. ಒಂದರ ಸಾಕ್ಷಿ ಇನ್ನೊಂದಕ್ಕೆ ಸಲ್ಲದು.

ಕಾಲಾನುಕ್ರಮ ಕೈಯಲ್ಲಿರಬೇಕು. ಬಿಬಿಎನ್ ಎಂಬ ಅಮೆರಿಕದ ಕಂಪನಿ ಬರೆದ ಟಿಸಿಪಿ/ಐಪಿಯನ್ನು ಬರ್ಕ್ಲಿಯಲ್ಲಿ ಬಿಲ್ ಜಾಯ್ ತಿದ್ದಿ ಬೆಳೆಸಿದರು. ಅದು 1983ರ ಆಗಸ್ಟ್‌ನಲ್ಲಿ 4.2ಬಿಎಸ್‌ಡಿ ಜೊತೆ ಹೊರಬಂತು. ಆಗ ಅದನ್ನು ಪಡೆಯಲು ಯುನಿಕ್ಸ್‌ನ ಒಡೆತನವಿದ್ದ ಎಟಿ&ಟಿಯ ಸೋರ್ಸ್ ಲೈಸೆನ್ಸ್ ಬೇಕಿತ್ತು. 1989ರ ನೆಟ್/1 ಎಂಬ ಬರ್ಕ್ಲಿ ಬಿಡುಗಡೆ ಈ ಕಟ್ಟು ಬಿಚ್ಚಿತು: ನೆಟ್‌ವರ್ಕ್ ಭಾಗವನ್ನಷ್ಟೇ ಬೇರ್ಪಡಿಸಿ, ಟೇಪ್‌ಗೆ 1,000 ಡಾಲರ್ ಇಟ್ಟು, ಕೊಂಡವರು ಯಾರಿಗೆ ಬೇಕಾದರೂ ಹಂಚಬಹುದು ಎಂದರು. ಅಲ್ಲಿಂದಾಚೆ ಕಂಪನಿಗಳು ಕಾಪಿರೈಟ್ ಸಾಲು ಉಳಿಸಿಕೊಂಡು ಕೋಡ್ ಬಳಸಿದ್ದು ಕಳ್ಳತನವಲ್ಲ, ಲೈಸೆನ್ಸ್ ಕೇಳಿದ್ದೇ ಅದನ್ನು. ಹಾಗಾಗಿ ಆ ಸಾಲು ಕಂಡಾಗ ‘ಸಿಕ್ಕಿಬಿದ್ದರು’ ಎನ್ನುವುದು ಅನ್ಯಾಯ.

ಸ್ಟ್ರಿಂಗ್ಸ್ ಓಡಿಸುವಾಗ ಒಂದು ಎಚ್ಚರ. ಅದು ಸಾಮಾನ್ಯವಾಗಿ ಒಂದು ಬೈಟ್‌ನ ಅಕ್ಷರಗಳನ್ನಷ್ಟೇ ಹುಡುಕುತ್ತದೆ. ವಿಂಡೋಸ್ ಫೈಲ್‌ಗಳಲ್ಲಿ 16 ಬಿಟ್ ಅಕ್ಷರಗಳಿಗೆ ಇನ್ನೊಂದು ಸುತ್ತು ಓಡಿಸಬೇಕು. ಹುಡುಕಬೇಕಾದ ಗುರುತು ‘@(#)’. ಎಸ್‌ಸಿಸಿಎಸ್ ಎಂಬ ಹಳೆಯ ಆವೃತ್ತಿ ನಿರ್ವಹಣಾ ವ್ಯವಸ್ಥೆ ಇಟ್ಟ ಗುರುತು ಅದು. ಯುನಿಕ್ಸ್‌ನ ‘ವಾಟ್’ ಕಮಾಂಡ್ ಅದನ್ನೇ ಹುಡುಕುತ್ತದೆ.

ಸಿಗದಿದ್ದರೆ? ಇಲ್ಲೇ ಹೆಚ್ಚಿನವರು ಎಡವುವುದು. ಹಳೆಯ ಬರ್ಕ್ಲಿ ಪ್ರೋಗ್ರಾಂಗಳಲ್ಲಿ ಕಾಪಿರೈಟ್ ಸಾಲು ಒಂದು ಗ್ಲೋಬಲ್ ಅರೇಯಲ್ಲಿತ್ತು, ಕಂಪೈಲರ್ ಅದನ್ನು ಬಿಸಾಡುವಂತಿಲ್ಲ. ಫೈಲ್‌ನ ಆವೃತ್ತಿ ಸಾಲು ಮಾತ್ರ ‘ಸ್ಟ್ಯಾಟಿಕ್’, ಅಂದರೆ ಆ ಫೈಲ್‌ಗಷ್ಟೇ ಸೀಮಿತ. ಯಾರೂ ಬಳಸದ ಸ್ಟ್ಯಾಟಿಕ್ ಅರೇಯನ್ನು ಆಪ್ಟಿಮೈಸರ್ ತೆಗೆದುಬಿಡಬಹುದು. 4.4ಬಿಎಸ್‌ಡಿಯ ಕರ್ನಲ್ ಫೈಲ್‌ಗಳಲ್ಲಂತೂ ಅದು ಬರೀ ಕಾಮೆಂಟ್. ಕಾಮೆಂಟ್ ಬೈನರಿಗೆ (ಕಂಪೈಲ್ ಆದ ಫೈಲಿಗೆ) ಬರುವುದೇ ಇಲ್ಲ. ಆದ್ದರಿಂದ ಕರ್ನಲ್‌ನಲ್ಲಿ ಕಾಪಿರೈಟ್ ಹುಡುಕುತ್ತ ಕೂರದೆ ಪ್ಯಾನಿಕ್ ಸಂದೇಶ (ಕರ್ನಲ್ ಕುಸಿಯುವಾಗ ತೋರಿಸುವ ಸಾಲು) ಹುಡುಕಿ: ‘ಎಸ್‌ಬಿಡ್ರಾಪ್’, ‘ಐಸಿಎಂಪಿ ಲೆನ್’. ಚಾಲನೆಯಲ್ಲಿರುವ ಕೋಡ್ ಬಳಸುವ ಸಂದೇಶವಾದ್ದರಿಂದ ಇವು ಸಾಮಾನ್ಯವಾಗಿ ಉಳಿದಿರುತ್ತವೆ. ಸೋರ್ಸ್ ತೆರೆದಿದ್ದರೆ ಕೆಲಸ ಸಲೀಸು: ಆ್ಯಪಲ್‌ನ ಎಕ್ಸ್‌ಎನ್‌ಯು ಕರ್ನಲ್‌ನ ‘ಬಿಎಸ್‌ಡಿ/ನೆಟ್‌ಐನೆಟ್’ ಫೋಲ್ಡರ್‌ನಲ್ಲಿ ಟಿಸಿಪಿ ಇನ್‌ಪುಟ್ ಫೈಲ್ ತೆರೆದರೆ 8.12, ಬರ್ಕ್ಲಿ, 5/24/95 ಎಂಬ ಗುರುತು ತಲೆಯಲ್ಲೇ ಇದೆ.

ಎರಡನೇ ಪದರಕ್ಕೆ ನಾನು ಅತಿ ಹೆಚ್ಚು ನಂಬುವುದು ಸಂಖ್ಯೆಗಳನ್ನು. ಹೆಡರ್ ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಂಪರ್ಕ ನಿರಾಕರಣೆಯ ದೋಷಸಂಖ್ಯೆ ಬಿಎಸ್‌ಡಿಯಲ್ಲೂ ಮ್ಯಾಕ್‌ಓಎಸ್‌ನಲ್ಲೂ 61, ಲಿನಕ್ಸ್‌ನಲ್ಲಿ 111, ವಿಂಡೋಸ್‌ನಲ್ಲಿ 10061. ಟೈಮ್‌ಔಟ್ ಕ್ರಮವಾಗಿ 60, 110, 10060. ವಿನ್‌ಸಾಕ್ (ವಿಂಡೋಸ್‌ನ ಸಾಕೆಟ್ ಫಂಕ್ಷನ್‌ಗಳು) ಬರೆದವರು ಬರ್ಕ್ಲಿ ಸಂಖ್ಯೆಗೆ 10,000 ಕೂಡಿಸಿದರು, ಅಷ್ಟೆ. ಆದರೆ ಐಪಿವಿ6 ವಿಳಾಸ ಕುಟುಂಬದ ಸಂಖ್ಯೆ ನೋಡಿ: ಲಿನಕ್ಸ್ 10, ವಿಂಡೋಸ್ 23, ಫ್ರೀಬಿಎಸ್‌ಡಿ 28, ಮ್ಯಾಕ್‌ಓಎಸ್ 30. ಐಪಿವಿ4ಕ್ಕೆ ಎಲ್ಲ ಕಡೆಯೂ 2. ಐಪಿವಿ6 ಬರುವ ಹೊತ್ತಿಗೆ ಮನೆಗಳು ಬೇರೆಯಾಗಿದ್ದವು ಎಂಬುದು ಈ ಒಂದೇ ಸಾಲಿನಲ್ಲಿ ಕಾಣುತ್ತದೆ.

ಸಾಕೆಟ್ ವಿಳಾಸದ ಸ್ಟ್ರಕ್ಚರ್ ಇನ್ನೂ ನಿಖರ. ಬರ್ಕ್ಲಿಯವರು 1990ರ 4.3ಬಿಎಸ್‌ಡಿ ರೀನೋದಲ್ಲಿ ಅದರ ಮೊದಲಿಗೆ ಒಂದು ಬೈಟ್‌ನ ಉದ್ದದ ಫೀಲ್ಡ್ ಸೇರಿಸಿದರು. ಮ್ಯಾಕ್‌ಓಎಸ್‌ನಲ್ಲಿ ಅದಿದೆ. ವಿಂಡೋಸ್‌ನಲ್ಲಿಲ್ಲ, ಎರಡು ಬೈಟ್‌ನ ಕುಟುಂಬ ಸಂಖ್ಯೆಯೇ ಮೊದಲಿಗೆ. ಅಂದರೆ ವಿನ್‌ಸಾಕ್ ಅನುಸರಿಸಿದ್ದು ರೀನೋಗಿಂತ ಹಿಂದಿನ ರೂಪವನ್ನು. ಪ್ರೋಗ್ರಾಂ ಅನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಈ ಬೈಟ್ ಮರೆತು ಸ್ಟ್ರಕ್ಚರನ್ನು ಕಚ್ಚಾ ಬೈಟ್‌ಗಳಾಗಿ ಫೈಲಿಗೆ ಬರೆದರೆ, ಆಚೆ ಕಡೆ ಓದುವ ಪ್ರೋಗ್ರಾಂಗೆ ಕುಟುಂಬ ಸಂಖ್ಯೆ ತಪ್ಪಾಗಿ ಸಿಗುತ್ತದೆ.

ಇನ್ನು ಸ್ಟ್ಯಾಕ್. ನಡವಳಿಕೆ ನೋಡಿ ಮೂಲ ಹೇಳುವುದನ್ನು ನಾನು ಒಪ್ಪುವುದಿಲ್ಲ. ಟಿಸಿಪಿ ಹೆಡರ್‌ನ ಅರ್ಜೆಂಟ್ ಪಾಯಿಂಟರ್ ತುರ್ತು ಡೇಟಾದ ಕೊನೆಯ ಬೈಟ್‌ಗೆ ತೋರಬೇಕು ಎಂದು 1989ರಲ್ಲಿ ಇಂಟರ್ನೆಟ್ ಮಾನದಂಡದ ದಾಖಲೆಯಾದ ಆರ್‌ಎಫ್‌ಸಿ 1122 ಹೇಳಿತು. ಬಿಎಸ್‌ಡಿ ಅದರ ಮುಂದಿನ ಬೈಟ್ ತೋರುತ್ತಿತ್ತು. ಬಿಎಸ್‌ಡಿಯೊಡನೆ ಮಾತಾಡಲೇಬೇಕಾದ್ದರಿಂದ ಸ್ವತಂತ್ರವಾಗಿ ಬರೆದವರೂ ಹಾಗೆಯೇ ಮಾಡಿದರು, 2011ರಲ್ಲಿ ಆರ್‌ಎಫ್‌ಸಿ 6093 ಆ ರೂಢಿಯನ್ನೇ ನಿಯಮವಾಗಿಸಿತು. ವರ್ತನೆ ಒಂದೇ ಇದ್ದರೆ ಕೋಡ್ ಒಂದೇ ಆಗಬೇಕಿಲ್ಲ.

ವಿಂಡೋಸ್ ಎನ್‌ಟಿಯೇ ಇದಕ್ಕೆ ಉದಾಹರಣೆ. 1993ರ ಎನ್‌ಟಿ 3.1ರಲ್ಲಿದ್ದದ್ದು ಸ್ಪೈಡರ್ ಸಿಸ್ಟಮ್ಸ್ ಎಂಬ ಕಂಪನಿಯಿಂದ ಪಡೆದ, ಸ್ಟ್ರೀಮ್ಸ್ (ಯುನಿಕ್ಸ್‌ನ ಒಂದು ಚೌಕಟ್ಟು) ಆಧಾರಿತ ಸ್ಟ್ಯಾಕ್. 1994ರ ಎನ್‌ಟಿ 3.5ರಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದು ತಾನೇ ಬರೆದದ್ದನ್ನು ಹಾಕಿತು, ವಿಸ್ತಾದಲ್ಲಿ ಮತ್ತೊಮ್ಮೆ ಹೊಸದಾಗಿ ಬರೆಯಿತು. ಇತ್ತ ಎಫ್‌ಟಿಪಿ ಪ್ರೋಗ್ರಾಂ ಮಾತ್ರ ತನ್ನ 1983ರ ಸಾಲನ್ನು ಹೊತ್ತುಕೊಂಡು ಹಾಗೆಯೇ ಮುಂದುವರಿಯಿತು.